ಯಂತ್ರ ಬಂತು, ಕಟ್ಟಡ ಬಂತು, ಆದರೂ ಕಾರ್ಖಾನೆ ಯಾಕೆ ನಡೆಯುವುದಿಲ್ಲ?

ಚಕ್ರಹಲ್ಲು:

ಬಡ ದೇಶದಲ್ಲಿ ಕೈಗಾರಿಕೆ ಯಾಕೆ ಬೆಳೆಯುವುದಿಲ್ಲ ಅಂತ ಕೇಳಿ ನೋಡಿ, ಹೆಚ್ಚಿನವರು "ದುಡ್ಡಿಲ್ಲ" ಅನ್ನುತ್ತಾರೆ. ನನಗೆ ಈ ಉತ್ತರದ ಮೇಲೆ ನಂಬಿಕೆ ಹೋಗಿದೆ. ದುಡ್ಡು ಸಿಕ್ಕ ಕಡೆಯೂ ಕಾರ್ಖಾನೆಗಳು ಮಲಗಿವೆ.

ತಾಂಜಾನಿಯಾದ ಮೊರೊಗೊರೊ ಶೂ ಕಾರ್ಖಾನೆ ನೋಡಿ. 1970ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನಲ್ಲಿ ಹಾಕಿದ ಯೋಜನೆ. ಹೊಸ ಯಂತ್ರಗಳು, ದೊಡ್ಡ ಕಟ್ಟಡ, ದೇಶದಲ್ಲೇ ಸಿಗುವ ಚರ್ಮ, ಹೆಚ್ಚಿನ ಮಾಲು ಯುರೋಪಿಗೆ ಹೋಗುತ್ತದೆ ಅನ್ನುವ ಲೆಕ್ಕ. ಆ ಸೆಕೆಗೆ ಅಲ್ಯೂಮಿನಿಯಂ ಗೋಡೆ ಕಟ್ಟಿದರು, ಗಾಳಿಯಾಡುವ ವ್ಯವಸ್ಥೆ ಮಾಡಲಿಲ್ಲ. ಯಂತ್ರ ಕೆಟ್ಟರೆ ಬಿಡಿಭಾಗ ಇಲ್ಲ. ಸಾಮರ್ಥ್ಯದ ಶೇ. 5ರಷ್ಟು ಕೂಡ ಉತ್ಪಾದನೆ ಆಗಲಿಲ್ಲ. 1990ರಲ್ಲಿ ಬಾಗಿಲು ಹಾಕಿತು.

ನೈಜೀರಿಯಾದ ಅಜಾವೋಕುಟಾ ಉಕ್ಕಿನ ಕಾರ್ಖಾನೆಯದು ಇನ್ನೂ ದೊಡ್ಡ ಕಥೆ. ಸೋವಿಯತ್ ಒಕ್ಕೂಟದ ನೆರವಿನಲ್ಲಿ 1980ರ ಸುಮಾರಿಗೆ ಕೆಲಸ ಶುರು. ಶತಕೋಟಿಗಟ್ಟಲೆ ಡಾಲರ್ ಸುರಿದರು. ಅದಿರು ಕರಗಿಸುವ ಊದುಕುಲುಮೆ (ಬ್ಲಾಸ್ಟ್ ಫರ್ನೆಸ್) ಇದೆ, ಉಕ್ಕು ಬರಲಿಲ್ಲ. ಇಟಾಕ್ಪೆ ಗಣಿಯಿಂದ ಅದಿರು ತರಬೇಕಿದ್ದ ರೈಲು ಮಾರ್ಗ ಉದ್ಘಾಟನೆ ಆಗಿದ್ದು 2020ರಲ್ಲಿ!

ಈಗ ಪಕ್ಕದಲ್ಲಿ ದಕ್ಷಿಣ ಕೊರಿಯಾದ ಉಕ್ಕಿನ ಕಂಪನಿ ಪೋಸ್ಕೋ ಇಡಿ. 1968ರಲ್ಲಿ ಸ್ಥಾಪನೆ. ವಿಶ್ವಬ್ಯಾಂಕ್ ಇದು ಲಾಭದ ಯೋಜನೆ ಅಲ್ಲ ಅಂದಿತ್ತು. ದೇಶದಲ್ಲಿ ಒಳ್ಳೆಯ ಅದಿರಿಲ್ಲ, ಉಕ್ಕಿಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಇಲ್ಲ. ಆದರೂ 1973ರಲ್ಲಿ ಪೋಹಾಂಗ್‌ನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಟನ್ ಸಾಮರ್ಥ್ಯದ ಘಟಕ ಓಡಲು ಶುರುವಾಯಿತು.

ವ್ಯತ್ಯಾಸ ಎಲ್ಲಿತ್ತು? ಒಂದೇ ವಿನಂತಿ. "ಅವರು ಶಿಸ್ತಿನ ಜನ, ಇವರು ಸೋಮಾರಿಗಳು" ಅನ್ನುವ ಉತ್ತರ ದಯವಿಟ್ಟು ಬೇಡ. ಇದೇ ಕೊರಿಯಾದವರ ಬಗ್ಗೆ, ಜಪಾನಿನವರ ಬಗ್ಗೆ, ಜರ್ಮನ್ನರ ಬಗ್ಗೆ ಕೂಡ ಒಂದು ಕಾಲಕ್ಕೆ ಹೊರಗಿನವರು ಹೀಗೇ ಮಾತಾಡಿದ್ದರು.

ಹಳೇ ಫಿಟ್ಟರ್:

ನಾನು ಮೇಂಟೆನೆನ್ಸ್ ವಿಭಾಗದಲ್ಲಿ ಜೀವನ ಕಳೆದವನು, ಹಾಗಾಗಿ ನನಗೆ ಕಾಣುವುದು ಬಿಡಿಭಾಗ ಮಾತ್ರ ಅಂತ ಬೇಕಾದರೆ ನಗಿ.

ಯಂತ್ರ ಕೊಳ್ಳುವಾಗ ಎಲ್ಲರೂ ಇರುತ್ತಾರೆ. ಮಂತ್ರಿ ಬರುತ್ತಾರೆ, ಬ್ಯಾಂಕಿನವರು ಬರುತ್ತಾರೆ, ಫೋಟೋ ತೆಗೆಯುತ್ತಾರೆ. ಎರಡು ವರ್ಷ ಬಿಟ್ಟು ಒಂದು ಹೈಡ್ರಾಲಿಕ್ ಸೀಲ್ (ಎಣ್ಣೆ ಸೋರದಂತೆ ತಡೆಯುವ ಸಣ್ಣ ಭಾಗ) ಹೋದಾಗ ಯಾರೂ ಇರುವುದಿಲ್ಲ. ಆ ಸೀಲ್ ತರಿಸಲು ವಿದೇಶಿ ಹಣ ಬೇಕು, ಅದಕ್ಕೆ ಅನುಮತಿ ಬೇಕು, ಮಾಲು ಬಂದರಿಗೆ ಬಂದ ಮೇಲೆ ಕಸ್ಟಮ್ಸ್‌ನಲ್ಲಿ "ಇದು ಯಾವ ಪಟ್ಟಿಗೆ ಸೇರುತ್ತದೆ" ಅಂತ ವಾದ ನಡೆಯುತ್ತದೆ, ಅಷ್ಟರಲ್ಲಿ ಇಲ್ಲಿ ಒಂದು ಲೈನ್ ಪೂರ್ತಿ ನಿಂತು ಇನ್ನೊಂದು ಯಂತ್ರದ ಭಾಗ ಕಿತ್ತು ಇದಕ್ಕೆ ಹಾಕಿರುತ್ತೇವೆ. ಹೀಗೆ ಕಿತ್ತು ಹಾಕುವುದು ಶುರುವಾಯಿತು ಅಂದರೆ ಕಾರ್ಖಾನೆ ಸಾಯಲು ಶುರುವಾಯಿತು ಅಂತಲೇ ಲೆಕ್ಕ. ಎತ್ತು ಕೊಂಡವರು ಮೇವಿನ ಲೆಕ್ಕ ಹಾಕಿಲ್ಲ ಅಷ್ಟೇ.

ನೆರವು ಕೊಡುವವರದ್ದೂ ತಪ್ಪಿದೆ. ಹೊಸ ಘಟಕಕ್ಕೆ ಸಾಲ ಸಿಗುತ್ತದೆ, ಹಳೆಯದರ ರಿಪೇರಿಗೆ ಸಿಗುವುದಿಲ್ಲ. ಉದ್ಘಾಟನೆ ಮಾಡಲು ಏನೂ ಇಲ್ಲವಲ್ಲ.

ಪೋಹಾಂಗ್ ವಿಷಯಕ್ಕೆ ಬಂದರೆ, ಅವರು ಕುಲುಮೆ ಹಚ್ಚುವ ಮುಂಚೆಯೇ ನೂರಾರು ಕೆಲಸಗಾರರನ್ನು, ಎಂಜಿನಿಯರ್‌ಗಳನ್ನು ಜಪಾನಿನ ಉಕ್ಕಿನ ಘಟಕಗಳಿಗೆ ಕಳಿಸಿ ತರಬೇತಿ ಕೊಡಿಸಿದ್ದರು. ಬರೀ ಮ್ಯಾನೇಜರುಗಳನ್ನಲ್ಲ, ಯಂತ್ರದ ಮುಂದೆ ನಿಲ್ಲುವವರನ್ನು. ನನಗೆ ದೊಡ್ಡ ವ್ಯತ್ಯಾಸ ಅನಿಸುವುದು ಇದು.

ಕಾಡುಮಲ್ಲಿಗೆ:

ಕೊರಿಯಾ ಉದಾಹರಣೆ ಬಂದ ಕೂಡಲೇ ನನಗೆ ಸ್ವಲ್ಪ ಕಿರಿಕಿರಿ. ಎಲ್ಲ ಚರ್ಚೆಯೂ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಪೋಸ್ಕೋಗೆ ದುಡ್ಡು ಎಲ್ಲಿಂದ ಬಂತು? 1965ರಲ್ಲಿ ಜಪಾನ್ ಜೊತೆ ಸಂಬಂಧ ಸರಿ ಮಾಡಿಕೊಂಡಾಗ ಬಂದ ಹಣದಿಂದ. ತಂತ್ರಜ್ಞಾನವೂ ಜಪಾನಿನದೇ. ಅಮೆರಿಕದ ನೆರವು ವರ್ಷಗಟ್ಟಲೆ ಹರಿದಿತ್ತು, ವಿಯೆಟ್ನಾಂ ಯುದ್ಧದ ಗುತ್ತಿಗೆಗಳು ಸಿಕ್ಕವು, ಅದಕ್ಕೂ ಮುಂಚೆ ಭೂಸುಧಾರಣೆ ಆಗಿ ಜಮೀನ್ದಾರರ ಹಿಡಿತ ಹೋಗಿತ್ತು. ಇಂಥ ಕಾಲ, ಇಂಥ ಜಾಗ ಇನ್ನೊಂದು ದೇಶಕ್ಕೆ ಎಲ್ಲಿಂದ ತರುತ್ತೀರಿ?

ಇನ್ನು ಕೆಲಸಗಾರರ ಕಥೆ. 1970ರಲ್ಲಿ ಜಿಯಾನ್ ತೇ-ಇಲ್ ಅನ್ನುವ ಹೊಲಿಗೆ ಕೆಲಸದ ಯುವಕ ಕಾರ್ಮಿಕ ಕಾನೂನು ಜಾರಿ ಮಾಡಿ ಅಂತ ಕೇಳುತ್ತಾ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಕಾನೂನು ಪುಸ್ತಕದಲ್ಲಿ ಇತ್ತು, ಯಾರೂ ನೋಡುತ್ತಿರಲಿಲ್ಲ. "ಪವಾಡ" ಅಂತ ಹೇಳುವಾಗ ಅವನ ಹೆಸರೂ ಹೇಳಬೇಕಲ್ವಾ?

ತಕ್ಕಡಿ:

ಕಾಡುಮಲ್ಲಿಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅಲ್ಲಿಗೇ ಬಿಟ್ಟರೆ ಕಲಿಯುವುದು ಏನೂ ಉಳಿಯುವುದಿಲ್ಲ. ನೆರವು ಬಂದ ದೇಶಗಳು ಬೇಕಾದಷ್ಟಿವೆ. ಸರ್ವಾಧಿಕಾರಿಗಳೂ ಬೇಕಾದಷ್ಟಿದ್ದರು, ಅವರಲ್ಲಿ ಹೆಚ್ಚಿನವರು ಕಾರ್ಖಾನೆ ಕಟ್ಟಲಿಲ್ಲ, ಅರಮನೆ ಕಟ್ಟಿದರು. ಹಾಗಾದರೆ ಕೊರಿಯಾದಲ್ಲಿ ಬೇರೆ ಏನಿತ್ತು?

ನನ್ನ ಪ್ರಕಾರ, ಕೊಟ್ಟ ಸವಲತ್ತನ್ನು ವಾಪಸ್ ಕಿತ್ತುಕೊಳ್ಳುವ ತಾಕತ್ತು. 1961ರಲ್ಲಿ ಬ್ಯಾಂಕುಗಳನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಅಗ್ಗದ ಸಾಲ ಬೇಕೇ, ರಫ್ತು ತೋರಿಸು. ಅಧ್ಯಕ್ಷರ ಮುಂದೆ ಪ್ರತಿ ತಿಂಗಳು ರಫ್ತಿನ ಸಭೆ. ಗುರಿ ಮುಟ್ಟದ ಕಂಪನಿಗೆ ಸಾಲ ಕಷ್ಟ, ತೀರಾ ಕೆಟ್ಟು ಹೋದರೆ ಇನ್ನೊಂದರ ಜೊತೆ ಸೇರಿಸುವುದು. 1964ರಲ್ಲಿ 10 ಕೋಟಿ ಡಾಲರ್ ಇದ್ದ ರಫ್ತು 1977ಕ್ಕೆ 1,000 ಕೋಟಿ ಡಾಲರ್ ಆಯಿತು.

ರಫ್ತೇ ಯಾಕೆ ಅಳತೆಗೋಲು ಅಂದರೆ, ಒಳಗಿನ ಮಾರುಕಟ್ಟೆಯಲ್ಲಿ ಕಳಪೆ ಮಾಲನ್ನೂ ತಳ್ಳಬಹುದು. ಆಮದಿಗೆ ಬಾಗಿಲು ಮುಚ್ಚಿದ್ದರೆ ಜನಕ್ಕೆ ಬೇರೆ ದಾರಿ ಇಲ್ಲ. ಹೊರಗಿನ ಗ್ರಾಹಕನಿಗೆ ನಿಮ್ಮ ಕಂಪನಿ ಯಾರ ಅಳಿಯನದು ಅನ್ನುವುದು ಬೇಕಾಗಿಲ್ಲ. ಮಾಲು ಸರಿ ಇಲ್ಲದಿದ್ದರೆ ವಾಪಸ್ ಕಳಿಸುತ್ತಾನೆ.

ಒಂದೇ ದೇಶದಲ್ಲಿ ಎರಡೂ ತರ ನೋಡಬೇಕೆಂದರೆ ಮಲೇಷ್ಯಾ ನೋಡಿ. 1983ರಲ್ಲಿ ಪ್ರೋಟಾನ್ ಕಾರು ಕಂಪನಿ ಶುರು, ಮಿತ್ಸುಬಿಷಿ ಜೊತೆ. ದಶಕಗಳ ಕಾಲ ವಿದೇಶಿ ಕಾರಿಗೆ ಭಾರಿ ಸುಂಕ ಹಾಕಿ ಕಾಪಾಡಿದರು. ಕೊನೆಗೆ 2017ರಲ್ಲಿ ಶೇ. 49.9 ಪಾಲನ್ನು ಚೀನಾದ ಜೀಲಿ ಕೊಂಡುಕೊಂಡಿತು. ಅದೇ ದೇಶದ ಪೆನಾಂಗ್‌ನಲ್ಲಿ 1972ರಲ್ಲಿ ಮುಕ್ತ ವ್ಯಾಪಾರ ವಲಯ ತೆರೆದರು, ಅಮೆರಿಕದ ಚಿಪ್ ಕಂಪನಿ ಇಂಟೆಲ್ ಬಂತು, ಮೊದಲ ದಿನದಿಂದಲೂ ಹೊರಗಿನ ಮಾರುಕಟ್ಟೆಗೇ ಕೆಲಸ. 1989ರಲ್ಲಿ ಅಲ್ಲಿನ ಕಂಪನಿಗಳು ಮತ್ತು ಸರ್ಕಾರ ಸೇರಿ ಕೌಶಲ ತರಬೇತಿ ಕೇಂದ್ರ ಮಾಡಿಕೊಂಡರು. ಇವತ್ತಿಗೂ ಆ ಜಾಗ ಎಲೆಕ್ಟ್ರಾನಿಕ್ಸ್‌ಗೆ ಹೆಸರುವಾಸಿ.

ಚಕ್ರಹಲ್ಲು:

ಹಾಗಾದರೆ ರಕ್ಷಣೆ ಕೊಡುವುದೇ ತಪ್ಪು ಅನ್ನುತ್ತೀರಾ? ಅಮೆರಿಕವೇ ತನ್ನ ಮೊದಲ ಹಣಕಾಸು ಮಂತ್ರಿ ಹ್ಯಾಮಿಲ್ಟನ್ ಕಾಲದಿಂದ ಸುಂಕದ ಗೋಡೆ ಕಟ್ಟಿಕೊಂಡು ಬೆಳೆದದ್ದು. ಈಗ ಬಡವರಿಗೆ ಬಾಗಿಲು ತೆರೆಯಿರಿ ಅಂತ ಪಾಠ ಹೇಳುತ್ತಾರೆ.

ತಕ್ಕಡಿ:

ತಪ್ಪು ಅನ್ನುತ್ತಿಲ್ಲ. ಕೊನೆ ದಿನಾಂಕ ಇಲ್ಲದ ರಕ್ಷಣೆ ತಪ್ಪು ಅನ್ನುತ್ತಿದ್ದೇನೆ.

ಬ್ರೆಜಿಲ್ 1984ರಲ್ಲಿ ಕಾನೂನು ಮಾಡಿ ಸಣ್ಣ ಕಂಪ್ಯೂಟರ್ ಮಾರುಕಟ್ಟೆಯನ್ನು ದೇಶದ ಕಂಪನಿಗಳಿಗೇ ಮೀಸಲಿಟ್ಟಿತು. ಕಂಪ್ಯೂಟರ್ ದುಬಾರಿ ಆಯಿತು, ಹಳೆಯ ಮಾದರಿಯವೇ ಸಿಕ್ಕವು, ಕಳ್ಳಸಾಗಣೆ ಹೆಚ್ಚಿತು. ಅದನ್ನು ಬಳಸಬೇಕಿದ್ದ ಬೇರೆ ಉದ್ದಿಮೆಗಳೂ ಹಿಂದೆ ಬಿದ್ದವು. 1990ರ ದಶಕದ ಶುರುವಿನಲ್ಲಿ ಅದನ್ನು ಕೈಬಿಟ್ಟರು.

ಅದೇ ಬ್ರೆಜಿಲ್‌ನ ವಿಮಾನ ಕಂಪನಿ ಎಂಬ್ರೇಯರ್ ಬೇರೆ ದಾರಿ ಹಿಡಿಯಿತು. 1950ರಲ್ಲೇ ವಿಮಾನ ಎಂಜಿನಿಯರಿಂಗ್ ಕಾಲೇಜು. ಕಂಪನಿ ಬಂದದ್ದು 1969ರಲ್ಲಿ. ಸುಮಾರು 20 ವರ್ಷ ಬರೀ ಜನರನ್ನು ತಯಾರು ಮಾಡಿದರು ಅಂತಾಯಿತು. ಎಂಜಿನ್ ಕೂಡ ನಾವೇ ಮಾಡುತ್ತೇವೆ ಅಂತ ಹಟ ಹಿಡಿಯಲಿಲ್ಲ, ಹೊರಗಿನಿಂದ ಕೊಂಡರು. ವಿನ್ಯಾಸ ಮತ್ತು ಜೋಡಣೆ ತಮ್ಮದು. ಹೊರದೇಶಕ್ಕೆ ಮಾರಿದರು. ಇದಕ್ಕೂ ಸರ್ಕಾರದ ಬೆಂಬಲ ಚೆನ್ನಾಗಿಯೇ ಇತ್ತು, ಮರೆಯಬೇಡಿ.

ಅಚ್ಚಿನಮನೆ:

ನೀವೆಲ್ಲ ಉಕ್ಕು, ವಿಮಾನ, ಕಾರು ಅಂತಲೇ ಮಾತಾಡುತ್ತಿದ್ದೀರಿ. ನನ್ನದು ಪ್ಲಾಸ್ಟಿಕ್ ಅಚ್ಚಿನ ಸಣ್ಣ ಘಟಕ. ನಮ್ಮ ಕಷ್ಟ ಯಾವ ನೀತಿ ಪತ್ರದಲ್ಲೂ ಸರಿಯಾಗಿ ಕಾಣುವುದಿಲ್ಲ.

ಮೊದಲು ಕರೆಂಟು. ಜನ ಅಂದುಕೊಳ್ಳುವುದು ಗಂಟೆಗಟ್ಟಲೆ ಕರೆಂಟು ಹೋದರೆ ಮಾತ್ರ ನಷ್ಟ ಅಂತ. ಅಲ್ಲ. ಒಂದೆರಡು ಸೆಕೆಂಡು ವೋಲ್ಟೇಜ್ ಬಿದ್ದರೂ ಕಂಟ್ರೋಲರ್ ನಿಲ್ಲುತ್ತದೆ. ಮತ್ತೆ ಬೇಗ ಶುರುವಾಗದಿದ್ದರೆ ಕರಗಿದ ಪ್ಲಾಸ್ಟಿಕ್ ಬ್ಯಾರೆಲ್ ಒಳಗೇ ಗಟ್ಟಿಯಾಗುತ್ತದೆ. ಅದನ್ನು ಮತ್ತೆ ಬಿಸಿ ಮಾಡಿ, ಸುಟ್ಟ ಮಾಲು ಹೊರಗೆ ತಳ್ಳಿ, ಅಳತೆ ಸರಿಮಾಡಿ ಒಳ್ಳೆಯ ಪೀಸ್ ಬರುವ ಹೊತ್ತಿಗೆ ಪಾಳಿಯ ದೊಡ್ಡ ಭಾಗ ಮುಗಿದಿರುತ್ತದೆ. ಜನರೇಟರ್ ಇಟ್ಟುಕೊಂಡರೆ ಡೀಸೆಲ್ ಖರ್ಚಿಗೆ ಲಾಭ ಹೋಗುತ್ತದೆ. ನಂಬುವ ಕರೆಂಟು ಇರುವ ದೇಶದ ಘಟಕದ ಜೊತೆ ನಾನು ಬೆಲೆಯಲ್ಲಿ ಹೇಗೆ ಪೈಪೋಟಿ ಮಾಡಲಿ?

ಎರಡನೆಯದು ಬಾಕಿ ಹಣ. ನಾನು ದೊಡ್ಡ ಕಂಪನಿಯೊಂದಕ್ಕೆ ಮಾಲು ಕೊಡುತ್ತೇನೆ. ಬಿಲ್ ಕಳಿಸಿ ತಿಂಗಳುಗಟ್ಟಲೆ ಕಾಯಬೇಕು. ಕಾನೂನಿನಲ್ಲಿ ಬಡ್ಡಿ ಕೇಳುವ ಹಕ್ಕು ಇದೆ, ಕೇಳಿದರೆ ಮುಂದಿನ ಆರ್ಡರ್ ಇಲ್ಲ. ಹಾಗಾಗಿ ನನ್ನಂಥ ಸಣ್ಣವನು ಜಾಸ್ತಿ ಬಡ್ಡಿಗೆ ಸಾಲ ತಂದು, ಕಡಿಮೆ ಬಡ್ಡಿಗೆ ಸಾಲ ಸಿಗುವ ದೊಡ್ಡವನಿಗೆ ಪುಕ್ಕಟೆ ಸಾಲ ಕೊಟ್ಟ ಹಾಗಾಯಿತು. ಇದಕ್ಕಿಂತ ತಲೆಕೆಳಗಾದ ವ್ಯವಸ್ಥೆ ಇದೆಯಾ?

ಮೂರನೆಯದು, ಬೆಳೆಯುವುದೇ ಶಿಕ್ಷೆ. ಒಂದು ಮಿತಿ ದಾಟಿ ಕೆಲಸಗಾರರನ್ನು ಇಟ್ಟುಕೊಂಡರೆ ಹೊಸ ನೋಂದಣಿ, ಹೊಸ ಇನ್ಸ್‌ಪೆಕ್ಟರ್, ಹೊಸ ಫಾರಂ. ಸಣ್ಣವರಾಗಿಯೇ ಇದ್ದುಬಿಡೋಣ ಅಂತ ಎಷ್ಟೋ ಜನ ಒಂದು ಘಟಕವನ್ನು ಮೂರು ಹೆಸರಿನಲ್ಲಿ ನಡೆಸುತ್ತಾರೆ. ಬಡ ದೇಶಗಳಲ್ಲಿ ಗುಡಿ ಕೈಗಾರಿಕೆಯ ಗಾತ್ರದ ಘಟಕಗಳಿವೆ, ದೈತ್ಯ ಕಂಪನಿಗಳಿವೆ, ನಡುವಿನವು ಕಡಿಮೆ. ಕೌಶಲ ಬೆಳೆಯುವುದು ಆ ನಡುವಿನ ಜಾಗದಲ್ಲೇ.

ಸುಮ್ನೆ ಓದುಗ:

ಕರೆಂಟಿನ ಮಾತಿಗೆ ಒಂದು ಸೇರಿಸುತ್ತೇನೆ. ಇದು ತೀರಾ ಬಡ ದೇಶಗಳ ಕಷ್ಟ ಮಾತ್ರ ಅಲ್ಲ. ಗಣಿ, ಉಕ್ಕು, ಕಾರು ಎಲ್ಲ ಇರುವ ದಕ್ಷಿಣ ಆಫ್ರಿಕಾದಲ್ಲಿ 2007-08ರಿಂದ ಲೋಡ್ ಶೆಡ್ಡಿಂಗ್ ಶುರುವಾಗಿ 2023ರಲ್ಲಿ ತೀರಾ ಕೆಟ್ಟ ಸ್ಥಿತಿಗೆ ಹೋಯಿತು. ವಿಯೆಟ್ನಾಂನ ಉತ್ತರ ಭಾಗದಲ್ಲಿ 2023ರ ಬೇಸಿಗೆಯಲ್ಲಿ ಅಣೆಕಟ್ಟುಗಳು ಬತ್ತಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿಗೇ ಕರೆಂಟು ಕಡಿತ ಮಾಡಬೇಕಾಯಿತು. ವಿದ್ಯುತ್ ಘಟಕ ಕಟ್ಟಲು ವರ್ಷಗಳು ಬೇಕು, ಚುನಾವಣೆ ಅದಕ್ಕಿಂತ ಬೇಗ ಬರುತ್ತದೆ.

ದಾರದುಂಡೆ:

ಅಚ್ಚಿನಮನೆಯವರು ದುಡಿಯುವ ಬಂಡವಾಳದ, ಅಂದರೆ ದಿನದ ವ್ಯವಹಾರ ನಡೆಸಲು ಬೇಕಾದ ಹಣದ ವಿಷಯ ಎತ್ತಿದ್ದು ಸರಿ. ಇದಕ್ಕೆ ಬಾಂಗ್ಲಾದೇಶ ಕಂಡುಕೊಂಡ ದಾರಿ ಗಮನಿಸಬೇಕು.

1979ರಲ್ಲಿ ದೇಶ್ ಗಾರ್ಮೆಂಟ್ಸ್ ಅನ್ನುವ ಕಂಪನಿ ಕೊರಿಯಾದ ಡೇವೂ ಜೊತೆ ಮಾಡಿಕೊಂಡಿದ್ದ ಒಪ್ಪಂದದಂತೆ 130 ಜನರನ್ನು ಬುಸಾನ್‌ಗೆ ತರಬೇತಿಗೆ ಕಳಿಸಿತು. ಹೊಲಿಗೆ, ಗುಣಮಟ್ಟ, ಮಾರಾಟ, ಬ್ಯಾಂಕ್ ಕಾಗದ ಎಲ್ಲ ಕಲಿತು ಬಂದರು. ಮುಂದಿನ ವರ್ಷಗಳಲ್ಲಿ ಅವರಲ್ಲಿ ಹೆಚ್ಚಿನವರು ಕೆಲಸ ಬಿಟ್ಟು ತಮ್ಮದೇ ಕಾರ್ಖಾನೆ ಹಾಕಿದರು ಅಥವಾ ಬೇರೆ ಹೊಸ ಕಾರ್ಖಾನೆಗೆ ಸೇರಿದರು. ಆ ಕಂಪನಿಗೆ ನಷ್ಟ, ದೇಶಕ್ಕೆ ಒಂದು ಉದ್ಯಮವೇ ಸಿಕ್ಕಿತು.

ಇನ್ನು ಹಣ. ಬಟ್ಟೆ ಆಮದು ಮಾಡಲು ಕೈಯಲ್ಲಿ ದುಡ್ಡಿಲ್ಲ. ಆಗ ಬಳಕೆಗೆ ಬಂದದ್ದು ಬ್ಯಾಕ್ ಟು ಬ್ಯಾಕ್ ಎಲ್‌ಸಿ. ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ಅಂದರೆ ಮಾಲಿನ ಹಣ ಕೊಡುತ್ತೇನೆ ಅನ್ನುವ ಬ್ಯಾಂಕಿನ ಖಾತರಿ ಪತ್ರ. ಹೊರದೇಶದ ಖರೀದಿದಾರ ಕೊಟ್ಟ ಎಲ್‌ಸಿಯನ್ನೇ ಅಡವಾಗಿಟ್ಟು ಬ್ಯಾಂಕು ಬಟ್ಟೆ ಮಾರುವವನಿಗೆ ಇನ್ನೊಂದು ಎಲ್‌ಸಿ ಕೊಡುತ್ತದೆ. ಅಂಗಿ ರಫ್ತಾಗಿ ಹಣ ಬಂದಾಗ ಬಟ್ಟೆಯ ಬಾಕಿ ತೀರುತ್ತದೆ. ಜೊತೆಗೆ ಬಾಂಡೆಡ್ ಗೋದಾಮು. ರಫ್ತಿಗಾಗಿ ತಂದ ಬಟ್ಟೆಗೆ ಸುಂಕ ಕಟ್ಟಬೇಕಿಲ್ಲ. ಎರಡೂ ಕಾಗದದ ಮೇಲಿನ ಬದಲಾವಣೆ. ಸಿಮೆಂಟು, ಕಬ್ಬಿಣ ಯಾವುದೂ ಬೇಕಾಗಲಿಲ್ಲ. ಈಗ ಆ ದೇಶದ ರಫ್ತಿನಲ್ಲಿ ಶೇ. 80ಕ್ಕಿಂತ ಜಾಸ್ತಿ ಸಿದ್ಧ ಉಡುಪು.

ಶ್ರೀಮಂತ ದೇಶಗಳು ಬೇರೆ ದೇಶಗಳ ಬಟ್ಟೆಗೆ ಹಾಕಿದ್ದ ಕೋಟಾ (ಇಷ್ಟೇ ಆಮದು ಅನ್ನುವ ಮಿತಿ) ಕೂಡ ಆಗ ನೆರವಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಕೊರಿಯಾದ ಕೋಟಾ ತುಂಬಿದ್ದರಿಂದಲೇ ಡೇವೂ ಢಾಕಾ ಕಡೆ ನೋಡಿದ್ದು.

ಕೆಂಪಿರುವೆ:

ರಫ್ತು ಶೇ. 80, ಚೆನ್ನಾಗಿದೆ. 2013ರ ಏಪ್ರಿಲ್ 24ರಂದು ಅಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದದ್ದನ್ನು ಕೂಡ ಬರೆಯಿರಿ. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಕೆಳಗಿನ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಮೇಲಿನ ಮಹಡಿಗಳ ಹೊಲಿಗೆ ಕೆಲಸಗಾರರಿಗೆ ಮಾತ್ರ ಬನ್ನಿ ಅಂದರು. 1,134 ಜನ ಸತ್ತರು.

ಈ ಚರ್ಚೆಯಲ್ಲಿ ಇಷ್ಟು ಹೊತ್ತು ಕೆಲಸಗಾರ ಅಂದರೆ "ತರಬೇತಿ ಕೊಡಬೇಕಾದವನು" ಅಷ್ಟೇ ಆಗಿದ್ದ. ಅವನಿಗೆ, ಬಟ್ಟೆ ಕಾರ್ಖಾನೆಯಲ್ಲಾದರೆ ಅವಳಿಗೆ, ಬಾಯಿಯೂ ಇದೆ.

ದಾರದುಂಡೆ:

ಒಪ್ಪುತ್ತೇನೆ. ಆದರೆ ಸುರಕ್ಷತೆಯ ಖರ್ಚು ಜಾಸ್ತಿ ಮಾಡಿದರೆ ಖರೀದಿದಾರ ಬೇರೆ ದೇಶಕ್ಕೆ ಹೋಗುತ್ತಾನೆ ಅನ್ನುವ ಭಯ ಸುಳ್ಳಲ್ಲ. ಅಂಗಿಗೆ ಕೆಲವು ಸೆಂಟ್ ಕಡಿಮೆ ಮಾಡಿ ಅಂತ ಪ್ರತಿ ಸೀಸನ್ ಹಿಂಡುವವರೂ ಅವರೇ, ಆಮೇಲೆ ಸುರಕ್ಷತೆಯ ಪ್ರಮಾಣಪತ್ರ ಕೇಳುವವರೂ ಅವರೇ.

ಕೆಂಪಿರುವೆ:

ಭಯ ಇತ್ತು, ಆದರೆ ಆಗಿದ್ದೇನು? ರಾಣಾ ಪ್ಲಾಜಾ ಆದ ಮೇಲೆ ಬಟ್ಟೆ ಬ್ರಾಂಡ್‌ಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಅಕಾರ್ಡ್ ಅನ್ನುವ ಸುರಕ್ಷತಾ ಒಪ್ಪಂದ ಬಂತು. ಸಹಿ ಹಾಕಿದ ಬ್ರಾಂಡ್‌ಗಳು 200ಕ್ಕೂ ಜಾಸ್ತಿ. ಕಾನೂನಿನ ಬಲ ಇದ್ದ ಒಪ್ಪಂದ ಅದು, ಬರೀ ಶುಭಾಶಯದ ಕಾಗದ ಅಲ್ಲ. ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳ ತಪಾಸಣೆ ಆಯಿತು. ಬೆಂಕಿ ಬಾಗಿಲು ಹಾಕಿದರು, ಕಂಬ ಗಟ್ಟಿ ಮಾಡಿದರು. ಮಾಡದವರಿಗೆ ಆರ್ಡರ್ ನಿಂತಿತು. ರಫ್ತು ಕುಸಿಯಲಿಲ್ಲ, ಬೆಳೆಯಿತು. ಅಗ್ಗದ ಜೀವ ಇದ್ದರೆ ಮಾತ್ರ ಕೈಗಾರಿಕೆ ಅನ್ನುವ ವಾದಕ್ಕೆ ನನ್ನ ಉತ್ತರ ಇದು. ಸಂಬಳದ ವಿಷಯ ಮಾತ್ರ ಆ ಒಪ್ಪಂದದಲ್ಲಿ ಇರಲಿಲ್ಲ.

ನೀರಹಕ್ಕಿ:

ಜಮೀನು, ನೀರು ಯಾರೂ ಮುಟ್ಟಲೇ ಇಲ್ಲ. ಘಾನಾದ ಅಕೊಸೊಂಬೊ ಅಣೆಕಟ್ಟು 1965ರಲ್ಲಿ ಮುಗಿಯಿತು. ಸುಮಾರು 80,000 ಜನ ಮನೆ ಕಳೆದುಕೊಂಡರು. ವಿದ್ಯುತ್ತಿನ ದೊಡ್ಡ ಪಾಲು ಅಗ್ಗದ ದರದಲ್ಲಿ ಹೋಗಿದ್ದು ವಿದೇಶಿ ಒಡೆತನದ ಅಲ್ಯೂಮಿನಿಯಂ ಕರಗಿಸುವ ಘಟಕಕ್ಕೆ. ತಮಾಷೆ ಏನೆಂದರೆ ಘಾನಾದಲ್ಲೇ ಅಲ್ಯೂಮಿನಿಯಂ ಅದಿರು ಬಾಕ್ಸೈಟ್ ಇದೆ, ಆದರೆ ಆ ಘಟಕ ಬಳಸಿದ್ದು ಹೊರಗಿನಿಂದ ತಂದ ಅಲ್ಯೂಮಿನಾ (ಬಾಕ್ಸೈಟನ್ನು ಶುದ್ಧ ಮಾಡಿ ತೆಗೆದ ಪುಡಿ). ಗಣಿ ಒಂದು ಕಡೆ, ಕುಲುಮೆ ಒಂದು ಕಡೆ, ನಡುವೆ ಇರಬೇಕಾದ ಘಟಕ ಬರಲೇ ಇಲ್ಲ. ಕಾರ್ಖಾನೆ ದೇಶದ ಒಳಗಿತ್ತು, ದೇಶದ ಜೊತೆ ಅದಕ್ಕೆ ಅಂಥ ಸಂಬಂಧ ಇರಲಿಲ್ಲ.

"ಮೊದಲು ಬೆಳೆಯೋಣ, ಕೊಳೆ ಆಮೇಲೆ ತೊಳೆಯೋಣ" ಅನ್ನುವವರು ಮಿನಾಮಾಟಾ ಓದಬೇಕು. ಜಪಾನಿನ ಆ ಊರಿನಲ್ಲಿ 1956ರಲ್ಲೇ ರೋಗ ಅಧಿಕೃತವಾಗಿ ಗೊತ್ತಾಗಿತ್ತು. ಕಾರ್ಖಾನೆ ಬಿಟ್ಟ ಪಾದರಸವೇ ಕಾರಣ ಅಂತ ಸರ್ಕಾರ ಒಪ್ಪಿದ್ದು 1968ರಲ್ಲಿ. ಆ 12 ವರ್ಷ ಜನ ಅದೇ ಸಮುದ್ರದ ಮೀನು ತಿಂದರು. ಪರಿಹಾರದ ಕೇಸುಗಳು ಈ ಶತಮಾನದವರೆಗೂ ನಡೆದವು. ಅಷ್ಟು ಕಾಲ ನಡೆಸಲು ಜಪಾನಿಗೆ ಕೊನೆಗೆ ದುಡ್ಡಾದರೂ ಇತ್ತು.

ತಕ್ಕಡಿ:

ನೀರಹಕ್ಕಿ ಹೇಳಿದ ಘಾನಾ ಉದಾಹರಣೆಗೆ ಉಲ್ಟಾ ದಾರಿ ಹಿಡಿದದ್ದು ಇಂಡೊನೇಷ್ಯಾ. 2020ರ ಜನವರಿಯಿಂದ ನಿಕ್ಕಲ್ ಅದಿರು ಹಾಗೇ ರಫ್ತು ಮಾಡುವುದನ್ನು ನಿಲ್ಲಿಸಿತು. ಬೇಕಿದ್ದರೆ ಇಲ್ಲೇ ಬಂದು ಕರಗಿಸಿ ಅಂತ. ಮೊರೊವಾಲಿಯಂಥ ಕಡೆ ದೊಡ್ಡ ಘಟಕಗಳು ಬಂದವು, ರಫ್ತಿನ ಮೌಲ್ಯ ಏರಿತು. ಆದರೆ ಹೆಚ್ಚಿನ ಹೂಡಿಕೆ ಚೀನಾದ್ದು. ಘಟಕಗಳು ಓಡುವುದು ಅಲ್ಲೇ ಕಟ್ಟಿದ ಕಲ್ಲಿದ್ದಲು ವಿದ್ಯುತ್ತಿನಿಂದ. 2023ರ ಡಿಸೆಂಬರಿನ ಸ್ಫೋಟದಲ್ಲಿ ಕೆಲಸಗಾರರು ಸತ್ತರು. ಐರೋಪ್ಯ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು 2022ರಲ್ಲಿ ತನ್ನ ಪರ ತೀರ್ಪು ಪಡೆಯಿತು. ಪೂರ್ತಿ ಗೆಲುವು ಅನ್ನಲು ಆಗದು, ಸೋಲು ಅಂತೂ ಅಲ್ಲ. ಇನ್ನೊಂದು ಮಾತು, ಜಗತ್ತಿನ ನಿಕ್ಕಲ್‌ನಲ್ಲಿ ಅಷ್ಟು ದೊಡ್ಡ ಪಾಲು ಅವರ ಹತ್ತಿರ ಇದ್ದಿದ್ದರಿಂದ ಈ ಹಟ ನಡೆಯಿತು. ಎಲ್ಲ ಕಡೆ ಸಿಗುವ ಅದಿರು ಇಟ್ಟುಕೊಂಡು ಹೀಗೆ ಮಾಡಿದರೆ ಖರೀದಿದಾರ ಪಕ್ಕದ ದೇಶಕ್ಕೆ ಹೋಗುತ್ತಾನೆ.

ಕಾಡುಮಲ್ಲಿಗೆ:

ಆಟದ ನಿಯಮದ ಬಗ್ಗೆ ಇನ್ನೊಂದಿಷ್ಟು. ಕೊರಿಯಾ, ತೈವಾನ್ ಬೆಳೆಯುವಾಗ "ಇಷ್ಟು ಭಾಗ ದೇಶದಲ್ಲೇ ಕೊಳ್ಳಬೇಕು" ಅಂತ ವಿದೇಶಿ ಕಂಪನಿಗೆ ಷರತ್ತು ಹಾಕುತ್ತಿದ್ದವು. 1995ರ ನಂತರ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಮ್ಸ್ (ಹೂಡಿಕೆಯ ಷರತ್ತುಗಳ ಬಗ್ಗೆ ಇರುವ) ಒಪ್ಪಂದದಲ್ಲಿ ಅಂಥ ಷರತ್ತು ಹಾಕುವ ಹಾಗಿಲ್ಲ. ತಾವು ಹತ್ತಿದ ಏಣಿ ಎತ್ತಿಟ್ಟರು ಅನ್ನುವ ಆರೋಪ ಸುಮ್ನೆ ಬಂದದ್ದಲ್ಲ.

ರುವಾಂಡಾ ತನ್ನ ಬಟ್ಟೆ ಉದ್ಯಮ ಬೆಳೆಯಲಿ ಅಂತ ಹಳೆ ಬಟ್ಟೆ ಆಮದಿಗೆ ಸುಂಕ ಏರಿಸಿತು. 2018ರಲ್ಲಿ ಅಮೆರಿಕ ಅದರ ಉಡುಪುಗಳಿಗೆ ಇದ್ದ ಸುಂಕವಿಲ್ಲದ ಸವಲತ್ತನ್ನು ಅಮಾನತು ಮಾಡಿತು. ಬೇರೆಯವರು ಹಾಕಿ ಬಿಟ್ಟ ಬಟ್ಟೆ ನಮಗೆ ಬೇಡ ಅಂದಿದ್ದಕ್ಕೆ!

ಇಥಿಯೋಪಿಯಾದ್ದು ಇನ್ನೂ ಬೇಸರದ ಕಥೆ. ಹವಾಸಾ ಕೈಗಾರಿಕಾ ಪಾರ್ಕ್ 2016ರಲ್ಲಿ ಉದ್ಘಾಟನೆ. ಜಿಬೂಟಿ ಬಂದರಿಗೆ ಹೊಸ ರೈಲು ಕೂಡ ಅದೇ ವರ್ಷ. ದೊಡ್ಡ ಬ್ರಾಂಡ್‌ಗಳು ಬಂದವು. ಆಮೇಲೆ ದೇಶದ ಉತ್ತರದ ಟಿಗ್ರೇ ಪ್ರಾಂತ್ಯದಲ್ಲಿ ಯುದ್ಧ. 2022ರ ಜನವರಿಗೆ ಅಮೆರಿಕ ಸುಂಕವಿಲ್ಲದ ಸವಲತ್ತನ್ನು ಇಲ್ಲೂ ಕಿತ್ತುಕೊಂಡಿತು. ಆರ್ಡರ್‌ಗಳು ಹೋದವು. ಯುದ್ಧ ಮಾಡಿದವರು ಒಬ್ಬರು, ಕೆಲಸ ಕಳೆದುಕೊಂಡ ಹುಡುಗಿಯರು ಬೇರೆಯವರು.

ತಕ್ಕಡಿ:

ಸರಿ, ಆದರೆ ಹವಾಸಾದಲ್ಲಿ ಯುದ್ಧಕ್ಕಿಂತ ಮುಂಚೆಯೂ ಕೆಲಸ ಬಿಟ್ಟು ಹೋಗುವವರ ಸಂಖ್ಯೆ ತುಂಬಾ ಜಾಸ್ತಿ ಇತ್ತು. ಸಂಬಳ ಜಗತ್ತಿನಲ್ಲೇ ತೀರಾ ಕಡಿಮೆ ಇದ್ದವುಗಳಲ್ಲಿ ಒಂದು. ಊರಿಂದ ಬಂದ ಹುಡುಗಿಗೆ ಬಾಡಿಗೆ ಕೊಟ್ಟರೆ ಉಳಿಯುವುದಿಲ್ಲ. ಪಾರ್ಕ್ ಕಟ್ಟಿದವರು ಶೆಡ್ಡಿನ ಲೆಕ್ಕ ಹಾಕಿದರು, ಅವಳು ಎಲ್ಲಿ ಮಲಗುತ್ತಾಳೆ ಅನ್ನುವ ಲೆಕ್ಕ ಸರಿಯಾಗಿ ಹಾಕಲಿಲ್ಲ. ಅದನ್ನು ಅಮೆರಿಕದ ತಲೆಗೆ ಕಟ್ಟಲಾಗದು.

ಸುಮ್ನೆ ಓದುಗ:

ಒಂದು ಮೂಲಭೂತ ಪ್ರಶ್ನೆ. ಇಷ್ಟೆಲ್ಲ ಕಷ್ಟಪಟ್ಟು ಕಾರ್ಖಾನೆ ಕಟ್ಟಿದರೂ ಕೆಲಸ ಸಿಗುತ್ತಾ? ಡಾನಿ ರಾಡ್ರಿಕ್ ಅನ್ನುವ ಅರ್ಥಶಾಸ್ತ್ರಜ್ಞರು ತೋರಿಸಿದ ಸಂಗತಿ ಇದೆ. ಬ್ರಿಟನ್‌ನಲ್ಲಿ ಒಂದು ಕಾಲಕ್ಕೆ ದುಡಿಯುವವರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಜನ ಕಾರ್ಖಾನೆ ಕೆಲಸದಲ್ಲಿದ್ದರು. ಬ್ರೆಜಿಲ್, ಭಾರತದಂಥ ದೇಶಗಳಲ್ಲಿ ಆ ಪಾಲು ಶೇ. 20 ಮುಟ್ಟುವ ಮುಂಚೆಯೇ ಇಳಿಯಲು ಶುರುವಾಯಿತು, ಅದೂ ದೇಶ ಶ್ರೀಮಂತ ಆಗುವ ಮೊದಲೇ. ಹೊಸ ಯಂತ್ರ ತಂದರೆ ಜನ ಕಡಿಮೆ ಸಾಕು. ಹಳೆ ಯಂತ್ರ ಇಟ್ಟುಕೊಂಡರೆ ಗುಣಮಟ್ಟ ಬರುವುದಿಲ್ಲ. ಸೀದಾ ಸೇವಾ ವಲಯಕ್ಕೆ ಹಾರಿಬಿಡಬಾರದಾ?

ಅಚ್ಚಿನಮನೆ:

ಹಾರುವವರು ಹಾರಲಿ. ನನ್ನ ಘಟಕದಲ್ಲಿ ಯಂತ್ರ ನಡೆಸುವವರಲ್ಲಿ ಶಾಲೆ ಅರ್ಧಕ್ಕೆ ಬಿಟ್ಟವರಿದ್ದಾರೆ. ಕೆಲವು ವರ್ಷದಲ್ಲಿ ಅಚ್ಚು ಕೂರಿಸುವುದು, ಅಳೆಯುವುದು, ದೋಷ ಹಿಡಿಯುವುದು ಕಲಿಯುತ್ತಾರೆ. ಸಂಬಳವೂ ಏರುತ್ತದೆ. ಇವರಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಏನು ಕೆಲಸ ಕೊಡುತ್ತೀರಿ? ಕಾವಲು, ಕಸ ಗುಡಿಸುವುದು, ಪಾರ್ಸೆಲ್ ಹಂಚುವುದು. ಅದರಲ್ಲಿ ಹತ್ತು ವರ್ಷ ದುಡಿದರೂ ಕೈಗೆ ಹೊಸ ವಿದ್ಯೆ ಬರುವುದಿಲ್ಲ. ಕೆಲಸದ ಸಂಖ್ಯೆ ಕಡಿಮೆ ಆಗಿರಬಹುದು, ಹಾಗಂತ ಕೈಬಿಡುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಚಕ್ರಹಲ್ಲು:

ಒಂದು ನೇರ ಪ್ರಶ್ನೆ ಎಲ್ಲರಿಗೂ. ಸರ್ಕಾರದ ಕೈಯಲ್ಲಿ ಕಡಿಮೆ ದುಡ್ಡಿದೆ ಅಂದುಕೊಳ್ಳಿ. ದೊಡ್ಡ ಕಾರ್ಖಾನೆ ಬೇಡ. ಮೊದಲ ಕೆಲಸ ಯಾವುದು ಮಾಡಬೇಕು?

ತಕ್ಕಡಿ:

ತೈವಾನ್ ಮಾಡಿದ್ದು. 1973ರಲ್ಲಿ ಇಟ್ರಿ ಅನ್ನುವ ಸರ್ಕಾರಿ ಸಂಶೋಧನಾ ಸಂಸ್ಥೆ. 1976ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಿಂದ ಚಿಪ್ ತಂತ್ರಜ್ಞಾನದ ಪರವಾನಗಿ ಪಡೆದು ಎಂಜಿನಿಯರ್‌ಗಳನ್ನು ಅಲ್ಲಿಗೆ ಕಳಿಸಿದರು. ಆರ್‌ಸಿಎಗೆ ಅದು ಹಳೆಯದಾಗುತ್ತಿದ್ದ ತಂತ್ರಜ್ಞಾನ, ಇವರಿಗೆ ಪಾಠಶಾಲೆ. 1980ರಲ್ಲಿ ಯುಎಂಸಿ, 1987ರಲ್ಲಿ ಟಿಎಸ್‌ಎಂಸಿ ಅನ್ನುವ ಚಿಪ್ ಕಂಪನಿಗಳು ಇಟ್ರಿಯಿಂದಲೇ ಹೊರಬಂದವು. ಸಂಸ್ಥೆ ಬಿಟ್ಟು ಕಂಪನಿಗೆ ಹೋದವರನ್ನು ದ್ರೋಹಿಗಳು ಅನ್ನಲಿಲ್ಲ, ಹೋಗಲಿ ಅಂತಲೇ ತಯಾರು ಮಾಡಿದ್ದು.

ಹಳೇ ಫಿಟ್ಟರ್:

ಅಷ್ಟು ಮೇಲಕ್ಕೆ ಬೇಡ. ನಾನಾದರೆ ಅಳತೆ ಮತ್ತು ಪರೀಕ್ಷೆಯ ಪ್ರಯೋಗಾಲಯ ಕಟ್ಟುತ್ತೇನೆ. ಗೇಜ್ ಸರಿ ಇದೆಯಾ ನೋಡಲು, ಉಕ್ಕಿನ ಗಡಸುತನ ಪರೀಕ್ಷಿಸಲು, ಬಣ್ಣದಲ್ಲಿ ಸೀಸ ಎಷ್ಟಿದೆ ಅಂತ ಹೇಳಲು ದೇಶದ ಒಳಗೆ ಮಾನ್ಯತೆ ಇರುವ ಜಾಗ ಇಲ್ಲದಿದ್ದರೆ ಮಾದರಿ ಹೊರದೇಶಕ್ಕೆ ಕಳಿಸಬೇಕು. ವಾರಗಳು ಹೋಗುತ್ತವೆ. ದೊಡ್ಡ ಕಂಪನಿ ತನ್ನದೇ ಲ್ಯಾಬ್ ಇಟ್ಟುಕೊಳ್ಳುತ್ತದೆ, ಸಣ್ಣವನು ಆರ್ಡರ್ ಬಿಡುತ್ತಾನೆ. ಒಳ್ಳೆಯ ಮಾಲು ಮಾಡಿಯೂ ಒಳ್ಳೆಯದು ಅಂತ ತೋರಿಸಲು ಆಗದೆ ಕೂತವರನ್ನು ನಾನು ಕಂಡಿದ್ದೇನೆ.

ಅಚ್ಚಿನಮನೆ:

ಫಿಟ್ಟರ್ ಅಣ್ಣ, ಲ್ಯಾಬ್ ಕಟ್ಟುವಾಗ ಅದರ ಯಂತ್ರದ ಸೀಲ್ ತರಿಸುವ ದುಡ್ಡೂ ಬಜೆಟ್‌ನಲ್ಲಿ ಬರೆಸಿ. ಮತ್ತೆ ಅಲ್ಲಿ ಕೂರುವ ಹುಡುಗರಿಗೆ ಸಂಬಳ ಸರಿಯಾಗಿ ಕೊಡಿಸಿ. ಇಲ್ಲದಿದ್ದರೆ ಕಲಿತ ಕೂಡಲೇ ದೊಡ್ಡ ಕಂಪನಿಯವರು ಎತ್ತಿಕೊಂಡು ಹೋಗುತ್ತಾರೆ, ನನ್ನ ಮಾದರಿ ಅಲ್ಲೂ ಸಾಲಿನಲ್ಲೇ ಇರುತ್ತದೆ.

ಹಳೇ ಫಿಟ್ಟರ್:

ಎತ್ತಿಕೊಂಡು ಹೋಗಲಿ ಬಿಡಿ, ತಕ್ಕಡಿಯವರು ಹೇಳಿದ ತೈವಾನ್ ಲೆಕ್ಕ ಅದೇ ಅಲ್ವಾ. ಆದರೆ ಒಬ್ಬ ಹೋದಾಗ ಹಿಂದೆ ಇಬ್ಬರು ಕಲಿಯುತ್ತಾ ಇರಬೇಕು. ಸೀಲಿನ ದುಡ್ಡು ಮಾತ್ರ ನಾನೇ ನಿಂತು ಬರೆಸುತ್ತೇನೆ. ಬಂದರಿನಲ್ಲಿ ಕಸ್ಟಮ್ಸ್‌ನವರ ಜೊತೆ ವಾದ ಮಾಡಲು ನೀವು ಬನ್ನಿ.